ಕರಿದಿಬ್ಬಕ್ಕೆ ಬಾಳುವಿನ ಸುದ್ದಿ

ಕಾರೋ ದಡೋ ಶಿಬಿರ, ದಾದು, ಸಿಂಧ
೬ ನವೆಂಬರ ೧೯೩೦

ಸೌಭಾಗ್ಯವತಿ ಸುಹಾಸಿನಿಗೆ ತ್ರ್ಯಂಬಕನ ಅನೇಕ ಆಶೀರ್ವಾದಗಳು.

ಕ್ಷೇಮವಾಗಿ ತಲುಪಿದ್ದೇನೆ. ಕರಾಚಿಯವರೆಗೆ ಹಡಗು, ದಾದುವಿನವರೆಗೆ ರೈಲು, ಅಲ್ಲಿಂದ ಮುಂದೆ ಒಂಟೆ. ನಮ್ಮ ಕೆಲಗೇರಿಯ ಬೀರಲಿಂಗಪ್ಪ ಒಂಟೆ ಹತ್ತಲು ಒಪ್ಪದೆ ಅರ್ಧ ದಾರಿ ನಡೆದೇ ಬಂದ. "ರಾಯರ, ಇದು ಕಾಲು ಎಲ್ಲಿ ಇಡತೈತಿ ಅನ್ನೂದು ಇದಕ್ಕ ಗೊತ್ತಿಲ್ಲರಿ" ಎನ್ನುತ್ತಾನೆ. ಅವನನ್ನು ಕರೆತಂದದ್ದು ಒಳ್ಳೆಯದಾಯಿತು. ನೀರು ತರುವುದು, ಅಳತೆಯ ಸರಪಳಿ ಹಿಡಿಯುವುದು, ಅಡಿಗೆ ಎಲ್ಲ ಅವನದೇ. ಅಡಿಗೆಯ ಮಾತನ್ನು ಅವ್ವನ ಮುಂದೆ ಎತ್ತಬೇಡ.

ಇಲ್ಲಿಯವರು ಈ ಜಾಗಕ್ಕೆ ಕಾರೋ ದಡೋ, ಅಂದರೆ ಕರಿದಿಬ್ಬ, ಎನ್ನುತ್ತಾರೆ. ದೂರದಿಂದ ಬರಿಯ ಮಣ್ಣಿನ ಗುಡ್ಡೆ. ಕಡಿದು ನೋಡಿದರೆ ಒಂದರ ಮೇಲೊಂದು ಕೂತ ಊರುಗಳು. ಮೇಲಿನದು ಸುಟ್ಟಿದೆ, ಅದರ ಕೆಳಗಿನದು ತಾನಾಗಿ ಕುಸಿದಿದೆ, ಇನ್ನೂ ಕೆಳಗೆ ಏನಿದೆಯೋ. ಸಿಂಧು ನದಿಯ ದಡದಲ್ಲಿ ಸಿಕ್ಕ ದೊಡ್ಡ ಪಟ್ಟಣಗಳ ವಿಷಯ ಪೇಪರಿನಲ್ಲಿ ಓದಿದ್ದೆಯಲ್ಲ, ಇವರು ಅವರಿಗಿಂತ ಹಿಂದಿನವರು ಎಂದು ಈ ಉತ್ಖನನ ನಡೆಸುವ ಸಾಹೇಬರ ಊಹೆ. ಕಬ್ಬಿಣ ಕಂಡವರಲ್ಲ. ಕಲ್ಲಿನ ಅಲಗಿನಿಂದ ಪೈರು ಕೊಯ್ದವರು. ಗಡಿಗೆಗಳ ಮೇಲೆ ಮಾತ್ರ ಎಷ್ಟು ಚಂದದ ಚಿತ್ರಗಳು ಅನ್ನುವಿ! ಅಕ್ಷರ ಇರಲಿಲ್ಲವಾದ್ದರಿಂದ ಒಬ್ಬರ ಹೆಸರೂ ಉಳಿದಿಲ್ಲ. ಸಿಕ್ಕಿದ್ದನ್ನು ಸಿಕ್ಕ ಜಾಗದಲ್ಲೇ ಅಳೆದು ಕಾಗದದ ಮೇಲೆ ಬರೆದುಕೊಳ್ಳುವುದು ನನ್ನ ಕೆಲಸ.

ಈ ಹಂಗಾಮಿನ ಚಿತ್ರಗಳು ಸಾಹೇಬರ ಮನಸ್ಸಿಗೆ ಬಂದರೆ ನೌಕರಿ ಕಾಯಂ ಆಗುತ್ತದೆ. ಆಗ ಕರಾಚಿಯಲ್ಲಿ ಮನೆ ಮಾಡಿ ನಿನ್ನನ್ನೂ ಚಿ. ಬಾಳುವನ್ನೂ ಕರೆಸಿಕೊಳ್ಳುತ್ತೇನೆ. ಹೊರಡುವ ದಿನ ಅವನು ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಬಿಡಲೇ ಇಲ್ಲ. ಅವನ ಸುದ್ದಿಯನ್ನು ತಪ್ಪದೆ ಬರೆ.

ತ್ರ್ಯಂಬಕ


ಕೆಲಗೇರಿ ರಸ್ತೆ, ಧಾರವಾಡ
೨೨ ನವೆಂಬರ ೧೯೩೦

ತಮ್ಮ ಚರಣಗಳಲ್ಲಿ ಸುಹಾಸಿನಿಯ ನಮಸ್ಕಾರಗಳು.

ಪತ್ರ ಮುಟ್ಟಿತು. ಮಾವನವರು ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿದರು. ಅಡಿಗೆಯ ಸಾಲು ಬಂದಾಗ ಅವರೇ ಕೆಮ್ಮಿ ಮುಂದಕ್ಕೆ ಹಾರಿದರು. ಅತ್ತೆಯವರಿಗೆ ಗೊತ್ತಾಗಲಿಲ್ಲ.

ಚಿ. ಬಾಳು ಮಗ್ಗಲಾಗುತ್ತಾನೆ. ಮಗ್ಗಲಾದ ಮೇಲೆ ಹಿಂದಿರುಗಲು ಬಾರದೆ ಮುಖ ಹಾಸಿಗೆಗೆ ಹಚ್ಚಿ ಸಿಟ್ಟಿನಿಂದ ಅಳುತ್ತಾನೆ. ಎದುರು ಮನೆಯ ರಜನಿಯ ಮಗ ಇವನಿಗಿಂತ ಹದಿನೈದು ದಿನಕ್ಕೆ ದೊಡ್ಡವನು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿದರೆ ಒಬ್ಬರ ಕಿವಿ ಒಬ್ಬರು ಹಿಡಿಯುತ್ತಾರೆ. ಎರಡು ದಿನದಿಂದ ಸ್ವಲ್ಪ ಕೆಮ್ಮು ಇದೆ. ಚಳಿ ಶುರುವಾಗಿದೆಯಲ್ಲ. ಹಾಲು ತರುವ ಫಕೀರವ್ವ, "ಊರಾಗಿನ ಕೂಸುಗೋಳಿಗೆಲ್ಲಾ ಐತ್ರಿ, ಗಾಬರಿ ಆಗಬ್ಯಾಡ್ರಿ" ಅಂದಳು. ಗಂಡ ಬೀರಲಿಂಗಪ್ಪನ ಸುದ್ದಿ ಕೇಳಿದಳು. ಒಂಟೆಯ ಕಥೆ ಹೇಳಿದಾಗ ಸೆರಗು ಬಾಯಿಗೆ ಹಿಡಿದು ನಕ್ಕಳು.

ಒಂದು ಕೇಳಬೇಕೆನಿಸಿತು. ಆ ಊರಿನ ಜನ ಕೊನೆಗೆ ಎಲ್ಲಿಗೆ ಹೋದರು?

ಸುಹಾಸಿನಿ


ಕಾರೋ ದಡೋ ಶಿಬಿರ
೪ ಡಿಸೆಂಬರ ೧೯೩೦

ಸೌ. ಸುಹಾಸಿನಿಗೆ ಆಶೀರ್ವಾದಗಳು.

ಕೆಮ್ಮಿಗೆ ತುಳಸಿಯ ರಸದಲ್ಲಿ ಜೇನು ಬೆರೆಸಿ ನೆಕ್ಕಿಸು. ಬೆಳಿಗ್ಗೆ ಮಂಜಿನಲ್ಲಿ ಹೊರಗೆ ತರಬೇಡ. ನನಗೂ ಚಿಕ್ಕವನಿದ್ದಾಗ ಹೀಗೆಯೇ ಬರುತ್ತಿತ್ತೆಂದು ಅವ್ವ ಹೇಳುತ್ತಾಳೆ.

ನೀನು ಕೇಳಿದ್ದನ್ನೇ ನಾನು ಸಾಹೇಬರಿಗೆ ಕೇಳಿದ್ದೆ. ಅವರು ನಕ್ಕು, ಅದು ಗೊತ್ತಾದರೆ ನಮ್ಮ ಕೆಲಸವೇ ಮುಗಿದಂತೆ ಅಂದರು. ನೀರು ಬತ್ತಿರಬಹುದು, ಯಾರಾದರೂ ಬಂದು ಸುಟ್ಟಿರಬಹುದು. ಒಂದು ಮನೆಯಲ್ಲಿ ಬೀಸುವ ಕಲ್ಲಿನ ಮೇಲೆ ಕಾಳು ಹಾಗೆಯೇ ಕರಕಾಗಿ ಉಳಿದಿದೆ. ಬೀಸುತ್ತಿದ್ದವಳು ನಡುವೆ ಎದ್ದು ಹೋದಳು, ಮರಳಿ ಬರಲಿಲ್ಲ. ಅಷ್ಟು ಮಾತ್ರ ಹೇಳಬಹುದು.

ಎಲ್ಲಕ್ಕಿಂತ ಕೆಳಗಿನ ಪದರಿನಲ್ಲಿ ಒಂದು ಕೋಣೆಯ ಗೋಡೆಗಳು ಸಿಕ್ಕಿವೆ. ನೆಲಕ್ಕೆ ಸಾರಿಸಿದ ಗುರುತು ಕೂಡ ಇದೆ. ಬರುವ ವಾರ ಆ ನೆಲ ಬಿಚ್ಚುತ್ತೇವೆ. ಏನು ಸಿಕ್ಕಿತೆಂದು ಬರೆಯುತ್ತೇನೆ. ಚಿ. ಬಾಳುವಿನ ಪಾದಕ್ಕೆ ಒಂದು ಮುದ್ದು.

ತ್ರ್ಯಂಬಕ


ಧಾರವಾಡ
೨ ಜನೇವರಿ ೧೯೩೧

ತಮ್ಮ ಚರಣಗಳಲ್ಲಿ ಸುಹಾಸಿನಿಯ ನಮಸ್ಕಾರಗಳು.

ಉತ್ತರ ತಡವಾಯಿತು. ಮನೆಗೆ ಬಂದು ಹೋಗುವ ಜನ ಬಹಳ ಇದ್ದರು.

ಬಾಳುವಿನ ಕೆಮ್ಮು ನಿಂತಿದೆ. ಈಗ ಕುಳಿತುಕೊಳ್ಳುತ್ತಾನೆ. ಮಾವನವರು, ಅತ್ತೆಯವರು ಕ್ಷೇಮ. ತಮಗೆ ಜ್ವರ ಬರುತ್ತಿದೆಯೆಂದು ಮಾವನವರು ಹೇಳಿದರು. ಆರೋಗ್ಯ ನೋಡಿಕೊಳ್ಳಬೇಕು.

ಸುಹಾಸಿನಿ


ಕಾರೋ ದಡೋ ಶಿಬಿರ
೧೫ ಜನೇವರಿ ೧೯೩೧

ಸೌ. ಸುಹಾಸಿನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಚಿಕ್ಕದಿತ್ತು. ಮತ್ತೆ ಮತ್ತೆ ಓದಿದೆ.

ಬಾಳು ಕುಳಿತುಕೊಳ್ಳುತ್ತಾನೆ ಎಂದು ಬರೆದಿರುವೆ. ದಿಂಬು ಆನಿಸಿಯೋ ಹಾಗೆಯೋ? ಯಾವ ಕಡೆ ವಾಲುತ್ತಾನೆ? ಕುಳಿತು ಏನು ನೋಡುತ್ತಾನೆ? ಇಂಥವನ್ನು ವಿವರವಾಗಿ ಬರೆದರೆ ನನಗೆ ಇಲ್ಲಿ ದಿನ ಹೋಗುತ್ತದೆ.

ಆ ಕೋಣೆಯ ನೆಲ ಬಿಚ್ಚಿದೆವು. ಗಡಿಗೆಯ ಚೂರುಗಳು ಸಿಕ್ಕವು. ಹೇಳುವಂಥದ್ದೇನೂ ಇಲ್ಲ. ಜ್ವರ ಬಂದು ಹೋಗುತ್ತದೆ, ಚಿಂತೆ ಬೇಡ.

ತ್ರ್ಯಂಬಕ


ಧಾರವಾಡ
೫ ಫೆಬ್ರುವರಿ ೧೯೩೧

ತಮ್ಮ ಚರಣಗಳಲ್ಲಿ ಸುಹಾಸಿನಿಯ ನಮಸ್ಕಾರಗಳು.

ತಾವು ಕೇಳಿದ್ದಕ್ಕೆ ಬರೆಯುತ್ತೇನೆ. ಮೊದಲು ಎಡಕ್ಕೆ ವಾಲುತ್ತಿದ್ದ, ಈಗ ನೆಟ್ಟಗೆ ಕೂಡುತ್ತಾನೆ. ಬೀಸಣಿಗೆ ಕೊಟ್ಟರೆ ಅದರ ಅಂಚು ಕಚ್ಚುತ್ತಾನೆ. ಕೆಳಗಿನ ಒಸಡಿನಲ್ಲಿ ಬೆಳ್ಳಗೆ ಹಲ್ಲಿನ ಗೆರೆ ಮೂಡಿದೆ. ಹೋದ ವಾರದಿಂದ ಅಂಬೆಗಾಲಿಡುತ್ತಾನೆ. ಮುಂದೆ ಬರಬೇಕೆಂದು ಹೊರಟವನು ಹಿಂದೆ ಹಿಂದೆ ಸರಿದು ಮಂಚದ ಕೆಳಗೆ ಸಿಕ್ಕಿಕೊಂಡು ಕೂಗುತ್ತಾನೆ. ಮೊನ್ನೆ ಮಾವನವರ ಮೂಗಿನ ಮೇಲಿನ ಚಾಳೀಸು ಎಳೆದು ಒಂದು ಕಡ್ಡಿ ಸೊಟ್ಟ ಮಾಡಿದ. ಅವರು ಬೈಯಲಿಲ್ಲ.

ನನಗೆ ಹೊರಗೆ ಹೋಗುವುದು ಕಡಿಮೆಯಾಗಿದೆ. ಕಿಟಕಿಯ ಬಳಿ ಕೂಡುತ್ತೇನೆ.

ಆ ದಿಬ್ಬದ ಜನರ ಮಕ್ಕಳದೇನಾದರೂ ಸಿಕ್ಕಿದೆಯೇ? ದೊಡ್ಡವರ ಗಡಿಗೆ, ದೊಡ್ಡವರ ಬೀಸುವ ಕಲ್ಲು ಅಷ್ಟೇ ಬರೆಯುತ್ತೀರಿ.

ಸುಹಾಸಿನಿ


ಕಾರೋ ದಡೋ ಶಿಬಿರ
೨೦ ಫೆಬ್ರುವರಿ ೧೯೩೧

ಸೌ. ಸುಹಾಸಿನಿಗೆ ಆಶೀರ್ವಾದಗಳು.

ಚಾಳೀಸಿನ ಸುದ್ದಿ ಓದಿ ಒಬ್ಬನೇ ನಕ್ಕೆ. ಡೇರೆಯ ಹೊರಗಿದ್ದ ಬೀರಲಿಂಗಪ್ಪ ಒಳಗೆ ಇಣುಕಿ ನನ್ನನ್ನು ನೋಡಿ ನೀರಿಗೆ ಹೋದ.

ಮಣ್ಣಿನ ಒಂದು ಎತ್ತು ಸಿಕ್ಕಿದೆ, ಹೆಬ್ಬೆರಳಿನಷ್ಟು. ಡುಬ್ಬದಲ್ಲಿ ಹುರಿ ಪೋಣಿಸಲು ತೂತು. ಪಕ್ಕದಲ್ಲಿ ಸಣ್ಣ ಗಾಲಿಗಳು. ಯಾರೋ ಮಗು ಎಳೆದಾಡಿದ ಬಂಡಿ. ಮಕ್ಕಳದು ಅದರ ಹೊರತು ಬೇರೇನೂ ಇಲ್ಲ.

ಬಾಳು ಮಲಗುವಾಗ ಈಗಲೂ ಬಲಗೈ ಕಿವಿಯ ಮೇಲೆ ಇಟ್ಟುಕೊಳ್ಳುತ್ತಾನೆಯೇ? ಹಲ್ಲು ಪೂರ್ತಿ ಮೂಡಿತೇ? ಎರಡು ಹಾಳೆ ತುಂಬ ಬರೆ. ಸರಕಾರ ಖರ್ಚು ಇಳಿಸುತ್ತಿದೆ, ಉತ್ಖನನದ ಕೆಲಸಗಳೇ ಮೊದಲು ನಿಲ್ಲುತ್ತವೆ ಎಂದು ಇಲ್ಲಿ ಮಾತು. ಅದೇನಾದರಾಗಲಿ. ನೀನು ಬರೆ.

ತ್ರ್ಯಂಬಕ


ಧಾರವಾಡ
೧೮ ಮಾರ್ಚ್ ೧೯೩೧

ತಮ್ಮ ಚರಣಗಳಲ್ಲಿ ನಮಸ್ಕಾರಗಳು.

ಹೌದು, ಕಿವಿಯ ಮೇಲೆಯೇ ಇಟ್ಟುಕೊಳ್ಳುತ್ತಾನೆ.

ಗೋಡೆ ಹಿಡಿದು ನಿಲ್ಲುತ್ತಾನೆ. ಹಸಿವಾದರೆ "ಮಮ್ಮಮ್" ಎನ್ನುತ್ತಾನೆ. ಹಲ್ಲು ಎರಡಾಗಿವೆ.

ಎರಡು ಹಾಳೆ ಬರೆಯಲು ಕೂತಿದ್ದೆ. ಆಗಲಿಲ್ಲ. ಇನ್ನು ಮುಂದೆ ಪತ್ರಗಳು ತಡವಾದರೆ ತಪ್ಪು ತಿಳಿಯಬಾರದು. ಕೆಲಸ ಮುಗಿದ ಕೂಡಲೆ ಬಂದುಬಿಡಿ. ನೌಕರಿ ಕಾಯಂ ಆಗಲಿ ಬಿಡಲಿ, ಬಂದುಬಿಡಿ. ಎದುರಿಗೆ ಕೂತು ಹೇಳಬೇಕಾದ ಮಾತುಗಳು ಇವೆ.

ಸುಹಾಸಿನಿ


ಕಾರೋ ದಡೋ ಶಿಬಿರ
೨ ಏಪ್ರಿಲ್ ೧೯೩೧

ಸೌ. ಸುಹಾಸಿನಿಗೆ ಆಶೀರ್ವಾದಗಳು.

ಶಿಬಿರ ಎತ್ತುತ್ತಿದ್ದೇವೆ. ಕಡಿದ ಹೊಂಡಗಳಿಗೆ ಮತ್ತೆ ಮಣ್ಣು ತುಂಬುತ್ತಿದ್ದಾರೆ. ನಾನು ಈಗಲೇ ಊರಿಗೆ ಬರಲಾಗದು. ಬೇಸಿಗೆಯೆಲ್ಲ ಕರಾಚಿಯ ಕಚೇರಿಯಲ್ಲಿ ಕೂತು ಚಿತ್ರಗಳನ್ನು ಮಸಿಯಲ್ಲಿ ತಿದ್ದಬೇಕಾಗಿದೆ. ನಾನೇ ಒಪ್ಪಿಕೊಂಡೆ. ಆ ಮಾತುಗಳನ್ನು ಪತ್ರದಲ್ಲಿ ಬರೆಯುವ ಅವಸರ ಮಾಡಬೇಡ, ಬಂದಾಗ ಹೇಳಿದರಾಯಿತು.

ಬೀರಲಿಂಗಪ್ಪ ಊರಿಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಬಾಳುವಿಗೊಂದು ಟೊಪ್ಪಿಗೆ ಕಳಿಸಿದ್ದೇನೆ. ಇಲ್ಲಿಯ ಮಕ್ಕಳು ಇಂಥದನ್ನೇ ಹಾಕಿಕೊಳ್ಳುತ್ತಾರೆ. ಹಾಕಿ ನೋಡಿ, ಸರಿಹೋಯಿತೇ ಎಂದು ಬರೆ.

ತ್ರ್ಯಂಬಕ


ಧಾರವಾಡ
೨೬ ಏಪ್ರಿಲ್ ೧೯೩೧

ಬೀರಲಿಂಗಪ್ಪ ನಿನ್ನೆ ಬಂದ.

ನಾನು ಅಂಗಳದಲ್ಲಿ ಹಾಲಿನ ಪಾತ್ರೆ ತೊಳೆಯುತ್ತಿದ್ದೆ. ಫಕೀರವ್ವನೂ ಜೊತೆಗಿದ್ದಳು. ಅವನು ಗಂಟು ಬಿಚ್ಚಿ ಟೊಪ್ಪಿಗೆ ತೆಗೆದ. ಕೆಂಪು ಅರಿವೆ, ಕನ್ನಡಿಯ ಚೂರು ಹಚ್ಚಿ ಹೊಲಿದದ್ದು. ನನ್ನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟ.

"ಬಾಯಾರ, ನಾ ಇದನ್ನ ಒಯ್ಯೂದಿಲ್ಲ ಅಂದೆ. ರಾಯರು ಕೇಳಲಿಲ್ಲ."

"ಅವರಿಗೆ ಗೊತ್ತಿಲ್ಲಪಾ," ಅಂದೆ. "ಗೊತ್ತಿಲ್ಲದ ಕಳಿಸ್ಯಾರ."

ಅವನು ಹೆಂಡತಿಯ ಮುಖ ನೋಡಿದ. "ಗೊತ್ತಿಲ್ಲಂದ್ರ ಹೆಂಗರಿ? ಊರಿಂದ ಬಂದ ತಾರ ದಾದೂದಿಂದ ನಾನೇ ತಂದು ಕೊಟ್ಟೇನಿ. ಓದಿ ಮಡಚಿ ಕಿಸೇದಾಗ ಇಟಗೊಂಡ್ರು. ಬಾವಿಗೆ ಹೋಗಿ ತಣ್ಣೀರು ಸುರಕೊಂಡ್ರು. ಹಸೀ ಪಂಜೇದಾಗ ಕುಂತಿದ್ರು, ಅವತ್ತು ಉಣ್ಣಲಿಲ್ಲ. ಮರುದಿನ ಕೆಲಸಕ್ಕ ಇಳದ್ರು."

ಆಮೇಲೆ ಅವನೇ ಹೇಳಿದ, ನಾನು ಕೇಳದೆ: "ಅವತ್ತೇ ಆ ಮನಿ ನೆಲದಾಗ ಗಡಿಗಿ ಸಿಕ್ಕಿದ್ವುರಿ. ಒಳಗ ಕೂಸುಗೋಳ ಎಲುಬು. ಬ್ಯಾರೇದವರು ಬರೀಲಿ ಬಿಡ್ರಿ ಅಂದೆ. ರಾಯರೇ ಕುಂತು ಬರದ್ರು."

ಫಕೀರವ್ವ ಅವನ ತೋಳು ಜಗ್ಗಿ ಸುಮ್ಮನಿರಿಸಿದಳು. ಹೋಗುವಾಗ ಟೊಪ್ಪಿಗೆಯನ್ನೂ ಅವಳೇ ಒಯ್ದಳು.

ನಿಮಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಏಕೆಂದರೆ ಇದುವರೆಗೆ ನಾನು ಇದನ್ನು ಎಲ್ಲಿಯೂ ಬರೆದಿಲ್ಲ. ಬಾಳು ಡಿಸೆಂಬರ ಒಂಬತ್ತಕ್ಕೆ ತೀರಿಕೊಂಡ. ಆರು ತಿಂಗಳೂ ತುಂಬಿರಲಿಲ್ಲ. ಮಾವನವರು ನನ್ನನ್ನು ಕರೆದು, "ಅಂವಾ ಜ್ವರದಾಗ ಮಲಗ್ಯಾನ, ನೌಕರೀನೂ ಈಗ ಕಾಯಂ ಆಗೂ ಹೊತ್ತು. ಬಂದಮ್ಯಾಲೆ ಹೇಳೋಣು. ನೀ ಮೊದಲಿನಗತೇ ಬರೀತಾ ಇರು, ಇಲ್ಲಂದ್ರ ಸಂಶಯ ಬರ್ತದ" ಅಂದರು. ನಾನು ಬರೆದೆ. ನನಗೆ ಸುಳ್ಳು ಕಟ್ಟಲು ಬರುವುದಿಲ್ಲ. ಅದಕ್ಕೇ ಕಿಟಕಿಯ ಬಳಿ ಕೂಡುತ್ತಿದ್ದೆ. ರಜನಿಯ ಮಗ ಜಗಲಿಯ ಮೇಲೆ ಏನು ಮಾಡುತ್ತಾನೆಂದು ನೋಡಿ, ಹದಿನೈದು ದಿನ ತಡೆದು, ಬಾಳು ಮಾಡಿದನೆಂದು ಬರೆಯುತ್ತಿದ್ದೆ. ಕುಳಿತದ್ದು ಅವನು. ಜಗಲಿಯ ಮಂಚದ ಕೆಳಗೆ ಸಿಕ್ಕಿಕೊಂಡದ್ದು ಅವನು. ಚಾಳೀಸು ಅವನ ಅಜ್ಜನದು. ರಜನಿಗೆ ತಿಳಿದು, ಮಗನನ್ನು ಜಗಲಿಗೆ ತರುವುದನ್ನೇ ಬಿಟ್ಟಳು. ದೃಷ್ಟಿ ತಾಗೀತೆಂದು ಹೆದರಿರಬೇಕು. ಅವಳದೇನೂ ತಪ್ಪಿಲ್ಲ.

ನಿನ್ನೆ ಮಾವನವರ ಎದುರು ನಿಂತು ಕೇಳಿದೆ. ಇಷ್ಟು ವರ್ಷಗಳಲ್ಲಿ ಅವರ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ಅವರು ತಲೆ ಎತ್ತಲಿಲ್ಲ.

"ತಾರ ಮಾಡಿದ್ದೆ. ಬರೂದಾಗೂದಿಲ್ಲ ಅಂತ ಉತ್ತರ ಬಂತು. ತನಗ ಗೊತ್ತಿಲ್ಲಂತ ನಿನಗ ಹೇಳ್ರಿ, ತಾನ ಬಂದು ಮಾತಾಡ್ತೇನಿ ಅಂತ ಬರದಿದ್ದ. ಪತ್ರ ಬರದ್ರ ನಿನಗೂ ಸಮಾಧಾನ ಆಗ್ತದ ಅಂತ ತಿಳದೆವ್ವಾ."

ಹಾಗಾದರೆ ನಿಮಗೆ ತಿಳಿದಿದೆಯೆಂದು ನನ್ನೊಬ್ಬಳ ಹೊರತು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಡಿಸೆಂಬರಿನ ನಂತರ ಅವನ ಹೆಸರಿನ ಮುಂದೆ ನೀವು "ಚಿ." ಬರೆದಿಲ್ಲ. ನಾನೂ ಬರೆದಿರಲಿಲ್ಲ. ಆದರೆ ನಾನು ಅಳುತ್ತ ಬಿಟ್ಟಿದ್ದೆ. ನೀವು ಅದನ್ನು ಬಿಟ್ಟು, ಮುಂದಿನ ಸಾಲಿನಲ್ಲೇ ಅವನು ಯಾವ ಕಡೆ ವಾಲುತ್ತಾನೆಂದು ಕೇಳಿದಿರಿ. ಕೈ ಎಲ್ಲಿಟ್ಟು ಮಲಗುತ್ತಾನೆಂದು ಕೇಳಿದಿರಿ. ಅದಕ್ಕೆ ಹೌದು ಎಂದು ಒಂದು ಸಾಲು ಬರೆಯಲು ನನಗೆ ಎಷ್ಟು ದಿನ ಹಿಡಿಯಿತೆಂದು ನಿಮಗೆ ಗೊತ್ತಿಲ್ಲ.

ನೀವು ಯಾಕೆ ಬರಲಿಲ್ಲವೆಂದು ಕೇಳುತ್ತಿಲ್ಲ. ಯಾಕೆ ಬರೆಸಿದಿರಿ?

ಸುಹಾಸಿನಿ


ಕರಾಚಿ
೧೨ ಮೇ ೧೯೩೧

ಸುಹಾಸಿನಿಗೆ,

ಬೀರಲಿಂಗಪ್ಪ ಹೇಳಿದ್ದೆಲ್ಲ ನಿಜ. ತಾರು ಕೈಗೆ ಬರುವ ಹೊತ್ತಿಗೆ ಎಲ್ಲ ಮುಗಿದು ಮೂರು ದಿನವಾಗಿತ್ತು. ಸಾಹೇಬರು ಹೋಗಿ ಬಾ ಅಂದಿದ್ದರು. ಹೊರಟು ಬಂದರೆ ಯಾರ ಮುಖ ನೋಡುವುದು, ಏನು ಮಾಡುವುದು ಎಂದು ಡೇರೆಯಲ್ಲಿ ಕೂತೆ. ಬೆಳಗಾಯಿತು. ಕೆಲಸದವರು ಕರೆಯಲು ಬಂದರು.

ಒಲೆಯ ಬದಿಗೇ ಇತ್ತು ಆ ಗಡಿಗೆ. ಮುಚ್ಚಳವಾಗಿ ಇನ್ನೊಂದನ್ನು ಬೋರಲು ಹಾಕಿದ್ದರು. ಕೊರಳಿನ ಜಾಗದಲ್ಲಿ ಸಣ್ಣ ಬಿಳಿಯ ಮಣಿಗಳು. ಸ್ಮಶಾನಕ್ಕೆ ಒಯ್ಯದೆ ತಾವು ಉಣ್ಣುವ, ಮಲಗುವ ನೆಲದಲ್ಲೇ ಇಟ್ಟುಕೊಂಡಿದ್ದರು. ಮೇಲೆ ಸಾರಿಸಿದ್ದರು. ಅಂಥವು ಆ ಕೋಣೆಯಲ್ಲಿ ಇನ್ನೂ ಇದ್ದವು. ಗಾಳಿ ತಾಗಿದರೆ ಎಲುಬು ಹಿಟ್ಟಾಗುತ್ತದೆ, ಕೂಡಲೆ ಬರೆದುಕೊಳ್ಳಬೇಕು. ಬರೆದೆ. ಅಳತೆ ತಪ್ಪಲಿಲ್ಲ. ಅದು ಹೇಗೆ ಸಾಧ್ಯವಾಯಿತೆಂದು ಈಗಲೂ ನನಗೆ ತಿಳಿಯುವುದಿಲ್ಲ. ನಿನಗೆ ಬರೆಯಲು ಮಾತ್ರ ಆಗಲಿಲ್ಲ.

ಅಪ್ಪನಿಗೆ ಹಾಗೆ ಬರೆದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ, ನಿನ್ನ ಎದುರಿಗೇ ಹೇಳಬೇಕೆಂಬುದು. ಆಮೇಲೆ ನಿನ್ನ ಪತ್ರ ಬಂತು. ಬಾಳು ಕುಳಿತುಕೊಳ್ಳುತ್ತಾನೆ ಎಂದಿತ್ತು. ಸುಳ್ಳೆಂದು ಗೊತ್ತಿದ್ದೂ ಅದನ್ನು ಓದುವಷ್ಟು ಹೊತ್ತು ಅವನು ಕುಳಿತಿರುತ್ತಿದ್ದ. ಟಪಾಲಿನವ ಬರುವ ದಿನಕ್ಕೆ ಕಾಯತೊಡಗಿದೆ. ನಿನಗೆ ಏನಾಗುತ್ತಿರಬಹುದೆಂದು ಯೋಚಿಸಲಿಲ್ಲ. ನಿನಗೂ ಹೀಗೆಯೇ ಆಗುತ್ತಿರಬಹುದು, ಬರೆಯುವಷ್ಟು ಹೊತ್ತು ನಿನಗೂ ಅವನು ಇರುತ್ತಾನೆ ಎಂದುಕೊಂಡೆ.

ನನ್ನ ಹುದ್ದೆ ಹೋಯಿತು. ಮುಂದಿನ ತಿಂಗಳ ಕೊನೆಗೆ ಬಿಡಬೇಕು. ಚಿತ್ರಗಳನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ತುಂಬಿ ಕಪಾಟಿನ ಮೇಲೆ ಇಟ್ಟಿದ್ದಾರೆ. ಅಚ್ಚಾಗುವ ಮಾತಿಲ್ಲ.

ಬೇಕಾದಷ್ಟು ಬೈಯಿ. ಆದರೆ ಜೂನ್ ಹನ್ನೊಂದಕ್ಕೆ ಅವನಿಗೆ ವರ್ಷ ತುಂಬುತ್ತದೆ. ಅವತ್ತಿನದೊಂದು ಪತ್ರ ಬರೆ, ಸುಹಾಸಿನಿ. ಈಗ ಹೆಜ್ಜೆ ಇಡುತ್ತಿರಬೇಕು. ಅದೊಂದೇ ಪತ್ರ. ಆಮೇಲೆ ಎಂದೂ ಕೇಳುವುದಿಲ್ಲ.

ತ್ರ್ಯಂಬಕ


ಕಮರಿಪೇಟೆ, ಹುಬ್ಬಳ್ಳಿ
೧೧ ಜೂನ್ ೧೯೩೧

ನಾನು ಅಣ್ಣನ ಮನೆಗೆ ಬಂದಿದ್ದೇನೆ. ಕರೆಯಲು ಯಾರೂ ಬರುವುದು ಬೇಡವೆಂದು ಮಾವನವರಿಗೆ ಹೇಳಿ ಬಂದೆ.

ನೀವು ಕೇಳಿದ ಪತ್ರ ಬರೆಯುತ್ತಿದ್ದೇನೆ. ಬರೆಯುವಷ್ಟು ಹೊತ್ತು ಅವನು ನನಗೆ ಇರುತ್ತಿರಲಿಲ್ಲ. ಪ್ರತಿ ಸಾಲಿಗೂ ಅವನು ಮಾಡದೆ ಹೋದದ್ದು ಏನೆಂದು ತಿಳಿಯುತ್ತಿತ್ತು.

ಕೆಮ್ಮು ಡಿಸೆಂಬರ ಏಳಕ್ಕೆ ಎದೆಗೆ ಇಳಿಯಿತು. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಡಾಕ್ಟರು ಬಂದು ಔಷಧ ಕೊಟ್ಟು, ಬೆಚ್ಚಗಿಡಿ ಅಂದರು. ಅತ್ತೆಯವರು ಅಜವಾನದ ಹೊಗೆ ಹಾಕಿದರು. ಒಂಬತ್ತರ ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಬಾಗಿಲ ಬಳಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಹಾಲಿಗೆ ಬಾಯಿ ಹಚ್ಚಿ ಬಿಟ್ಟ. ಸ್ವಲ್ಪ ಹೊತ್ತು ಮೇಲಿನ ತೊಲೆಗಳನ್ನು ನೋಡಿದ. ಆಮೇಲೆ ಪಕ್ಕೆ ಎಳೆಯುವುದು ನಿಂತಿತು. ಔಷಧ ಹತ್ತಿತು, ನಿದ್ದೆ ಬಂತು ಎಂದುಕೊಂಡು ನಾನು ತೊಡೆ ಅಲುಗಿಸುತ್ತ ತೂಗುತ್ತಿದ್ದೆ. ಎಷ್ಟು ಹೊತ್ತು ತೂಗಿದೆನೋ. ಅತ್ತೆಯವರು ಬಂದು ನೋಡಿ, "ಸುಹಾಸಿ, ಕೂಸಿನ್ನ ಇತ್ಲಾಗ ಕೊಡವಾ" ಅಂದರು. "ಈಗರೇ ಮಲಗ್ಯಾನ, ಎಬ್ಬಿಸಬ್ಯಾಡ್ರಿ" ಅಂದೆ. ಅವರು ನನ್ನ ಕೈಗಳನ್ನು ಒಂದೊಂದಾಗಿ ಬಿಡಿಸಿದರು.

ಜೇನು ನೆಕ್ಕಿಸು ಎಂದು ನೀವು ಬರೆದ ಪತ್ರ ಆ ವಾರದ ಕೊನೆಗೆ ಬಂತು.

ಮಾವನವರು ಅವನನ್ನು ಕೆಲಗೇರಿ ಕೆರೆಯ ದಂಡೆಗೆ ಒಯ್ದರು. ಹೆಂಗಸರು ಹೋಗುವಂತಿಲ್ಲ. ಎಮ್ಮೆ ಕಾಯುತ್ತಿದ್ದ ಫಕೀರವ್ವ ಜಾಗ ನೋಡಿದ್ದಳು. ಕರಾಚಿಯಿಂದ ನಿಮ್ಮ ಪತ್ರ ಬಂದ ಮೇಲೆ ನನ್ನನ್ನು ಕರೆದುಕೊಂಡು ಹೋದಳು. ಬೇಸಿಗೆಯಲ್ಲಿ ದಂಡೆ ಗಟ್ಟಿ ಮಾಡಲು ಬಂಡಿಗಟ್ಟಲೆ ಮಣ್ಣು ಸುರಿದಿದ್ದಾರೆ. ಫಕೀರವ್ವ ಆ ಕಡೆಯಿಂದ ಈ ಕಡೆಗೆ ಬಹಳ ಹೊತ್ತು ತಿರುಗಿದಳು. ಒಂದು ಕಡೆ ನಿಂತು, "ಇಲ್ಲೇರಿ" ಅಂದಳು. ಮುಂದೆ ಹೋಗಿ, "ಇಲ್ಲಿರಬೇಕ್ರಿ" ಅಂದಳು. ಕೊನೆಗೆ ಮಣ್ಣಿನ ಮೇಲೆ ಕೂತು ಅತ್ತಳು. ನಾನೇ ಅವಳನ್ನು ಎಬ್ಬಿಸಿಕೊಂಡು ಬಂದೆ.

ಬಾಳು ಕುಳಿತಿಲ್ಲ. ಅಂಬೆಗಾಲಿಟ್ಟಿಲ್ಲ. ಅವನಿಗೆ ಹಲ್ಲು ಬಂದಿಲ್ಲ. ಯಾವ ಮಾತನ್ನೂ ಆಡಿಲ್ಲ. ಮಗ್ಗಲಾಗುತ್ತಿದ್ದ, ಹಿಂದಿರುಗಲು ಬರುತ್ತಿರಲಿಲ್ಲ. ಅವನ ಸುದ್ದಿ ಅಷ್ಟೇ. ಇದರ ಮುಂದೆ ಇಲ್ಲ.

ಸುಹಾಸಿನಿ